ದನಗಾಹಿಗಳ ಹಾಡು ಧ್ವನಿಮುದ್ರಿಕೆಗೆ ಬಂದ ಬಗೆ

ಒಂದು ಕಸುಬು ಅಳಿದ ಮೇಲೆ ಆ ಕಸುಬಿನವರ ಹಾಡುಗಳ ಗತಿಯೇನು? ಅಮೆರಿಕಾದ ಇತಿಹಾಸದಲ್ಲಿ ಇದಕ್ಕೊಂದು ಉತ್ತರವನ್ನು ನಾವು ಕಾಣುತ್ತೇವೆ.

ಅಲ್ಲಿಯ ಅಂತರ್ಯುದ್ಧವು ೧೮೬೫ರಲ್ಲಿ ಮುಗಿದಾಗ ಟೆಕ್ಸಾಸ್ ಪ್ರಾಂತದಲ್ಲಿ ದನಗಳು ಹೇರಳವಾಗಿದ್ದುವು. ಕೊಳ್ಳುವವರು ಮಾತ್ರ ಬಹುದೂರದ ಪಟ್ಟಣಗಳಲ್ಲಿದ್ದರು. ೧೮೬೭ರಿಂದ, ಕನ್ಸಾಸಿನ ಆಬಿಲೀನ್ ರೈಲು ನಿಲ್ದಾಣದವರೆಗೆ ನೂರಾರು ಮೈಲಿ ಮಂದೆಗಳನ್ನು ಅಟ್ಟಿಕೊಂಡು ಹೋಗುವ ಕೆಲಸವು ಕೌಬಾಯ್‌ಗಳೆಂಬ ಕುದುರೆಸವಾರರದಾಯಿತು. ಅವರಲ್ಲಿ ಬಿಳಿಯರೂ ಕರಿಯರೂ ಮೆಕ್ಸಿಕೋದವರೂ ಇದ್ದರು. ಇರುಳಿನಲ್ಲಿ ಸಣ್ಣ ಸದ್ದಿಗೂ ಮಂದೆಯು ಬೆದರಿ ಓಡುವ ಭಯವಿದ್ದುದರಿಂದ, ಕಾವಲಿನವರು ಅದರ ಸುತ್ತ ಮೆಲ್ಲಗೆ ಕುದುರೆ ನಡೆಸುತ್ತ ಹಾಡುತ್ತಿದ್ದರು. ೧೮೭೪ರಲ್ಲಿ ಜೋಸೆಫ್ ಗ್ಲಿಡನನು ಮುಳ್ಳುತಂತಿಗೆ ಸನ್ನದು ಪಡೆದನು. ಬಯಲಿಗೆ ಬೇಲಿ ಬಿದ್ದಿತು. ರೈಲು ಟೆಕ್ಸಾಸಿನೊಳಕ್ಕೇ ಹಬ್ಬಿತು. ಇಪ್ಪತ್ತೈದು ವರ್ಷಗಳೊಳಗೆ ಆ ದೀರ್ಘ ಪಯಣಗಳು ನಿಂತುಹೋದುವು. ಉಳಿದ ಹಾಡುಗಳನ್ನು ೧೯೦೮ರಲ್ಲಿ ಜಾಕ್ ಥಾರ್ಪನೂ ೧೯೧೦ರಲ್ಲಿ ಜಾನ್ ಲೋಮ್ಯಾಕ್ಸನೂ ಪುಸ್ತಕರೂಪದಲ್ಲಿ ಹೊರತಂದರು.

ಗಾಯಕ ಮಾರ್ಟಿ ರಾಬಿನ್ಸನು ಹುಟ್ಟಿದುದು ೧೯೨೫ರಲ್ಲಿ, ಅರಿಜೋನಾದ ಗ್ಲೆಂಡೇಲಿನಲ್ಲಿ. ದನಗಾಹಿಗಳ ಆ ಕಾಲವನ್ನು ಅವನು ಕಣ್ಣಾರೆ ಕಂಡವನಲ್ಲ. ತಾಯಿಯ ತಂದೆ ಹೇಳಿದ ಕಥೆಗಳಿಂದ ಅರಿತವನು. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದಲ್ಲಿದ್ದಾಗ ಗಿಟಾರ್ ಕಲಿತನು. ೧೯೫೯ರ ಏಪ್ರಿಲ್ ೭ರಂದು, ನ್ಯಾಶ್‌ವಿಲ್ ನಗರದಲ್ಲಿ, 'ಗನ್‌ಫೈಟರ್ ಬ್ಯಾಲಡ್ಸ್ ಅಂಡ್ ಟ್ರೇಲ್ ಸಾಂಗ್ಸ್' ಎಂಬ ಧ್ವನಿಮುದ್ರಿಕೆಯ ೧೨ ಹಾಡುಗಳನ್ನೂ ಒಂದೇ ದಿನದಲ್ಲಿ ಹಾಡಿ ಮುಗಿಸಿದನು. ಬೆದರಿದ ಮಂದೆಯ ಕಾಲ್ತುಳಿತದಿಂದ ಮಗುವೊಂದನ್ನು ಉಳಿಸಹೋಗಿ ಮಡಿದ ದನಗಾಹಿಯ ಹಳೆಯ ಹಾಡು 'ಯೂಟಾ ಕ್ಯಾರಲ್' ಅದರಲ್ಲಿದೆ. ಅದರ ಪಕ್ಕದಲ್ಲಿಯೇ ರಾಬಿನ್ಸನು ಸ್ವತಃ ಕಟ್ಟಿದ 'ಬಿಗ್ ಐರನ್', 'ಎಲ್ ಪಾಸೋ' ಮೊದಲಾದುವೂ ಇವೆ.

'ಎಲ್ ಪಾಸೋ' ನಮ್ಮ ಲಾವಣಿಯಂತೆ ಮೊದಲಿನಿಂದ ಕಡೆಯವರೆಗೆ ಒಂದೇ ಕಥೆ. ಒಲವಿನ ಮತ್ಸರದಿಂದ ಕೊಲೆಗೈದು ಓಡಿಹೋದವನು, ತನ್ನ ಪ್ರಿಯೆಯನ್ನು ಕಾಣಲು ಮರಳಿ ಬಂದು ಸಾಯುತ್ತಾನೆ. ಹಾಡು ನಾಲ್ಕೂವರೆ ನಿಮಿಷಕ್ಕೂ ಮಿಕ್ಕಿದ್ದಿತು. ಆಗಿನ ರೇಡಿಯೋಗೆ ಇದು ಅತಿದೀರ್ಘ. ಆದುದರಿಂದ ಕೊಲಂಬಿಯಾ ಕಂಪನಿಯು ಕತ್ತರಿಸಿದ ಪಾಠವೊಂದನ್ನೂ ಸಿದ್ಧಪಡಿಸಿತು. ಕೇಳುಗರು ಪೂರ್ಣಪಾಠವನ್ನೇ ಮೆಚ್ಚಿದರು. ೧೯೬೦ರ ಜನವರಿಯಲ್ಲಿ ಅದು ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು; ೧೯೬೧ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು.

ರಾಬಿನ್ಸನು ೧೯೮೨ರಲ್ಲಿ ತೀರಿಕೊಂಡನು. ಆ ಧ್ವನಿಮುದ್ರಿಕೆಯನ್ನು ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ ೨೦೧೭ರಲ್ಲಿ ರಾಷ್ಟ್ರೀಯ ಧ್ವನಿಸಂಗ್ರಹಕ್ಕೆ ಸೇರಿಸಿದುದಾಗಿ ಪ್ರಕಟಿಸಿತು.

ಥಾರ್ಪ್, ಲೋಮ್ಯಾಕ್ಸರು ಹಾಡುಗಳನ್ನು ಬರೆದಿಟ್ಟುದರಿಂದ ಅವು ನಾಶವಾಗದೆ ಉಳಿದುವು. ಹಳೆಯದನ್ನು ಹಾಡಿ, ಅದರ ಜಾಡಿನಲ್ಲೇ ಹೊಸದನ್ನು ಕಟ್ಟಿದವನಿಂದ ಅವು ಬಾಳಿದುವು. ಹಾಡಿಗೆ ಈ ಇಬ್ಬರು ಬಂಧುಗಳೂ ಬೇಕು. ಅಜ್ಜನ ಬಾಯಿಂದ ಕಥೆ ಕೇಳುವ ಭಾಗ್ಯವುಳ್ಳ ವಿದ್ಯಾರ್ಥಿಗಳು ಇದನ್ನು ಮನದಲ್ಲಿಡಬೇಕು.