ಆಟದ ರೈಲಿನ ಎಂಜಿನ್: ಗುಣಕ್ಕೊಂದು ಲೆಕ್ಕ, ಬೆಲೆಗೊಂದು ಲೆಕ್ಕ



ಗ್ವಾಲಿಯರ್‌ನ ಜೈವಿಲಾಸ್ ಅರಮನೆಗೆ ಹೋದವರು ಅಲ್ಲಿನ ಊಟದ ಮೇಜಿನ ಮೇಲಿರೋ ಬೆಳ್ಳಿ ರೈಲನ್ನ ನೋಡಿರ್ತೀರಿ. ಸಿಂಧಿಯಾ ಮಹಾರಾಜರು 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್ ಊರಿನ ಬ್ಯಾಸೆಟ್-ಲೋಕ್ ಕಂಪನಿಯಿಂದ ಮಾಡಿಸಿದ್ದು ಅದು. ಊಟ ಮುಗಿದ ಮೇಲೆ ಮದ್ಯದ ಸೀಸೆ, ಸಿಗಾರ್ ಹೊತ್ಕೊಂಡು ಅತಿಥಿಗಳ ಮುಂದೆ ಸುತ್ತು ಬರ್ತಿತ್ತು. ಯಾರಾದ್ರೂ ಸೀಸೆ ಎತ್ತಿದ್ರೆ ರೈಲು ನಿಲ್ಲುತ್ತೆ, ವಾಪಸ್ ಇಟ್ರೆ ಹೊರಡುತ್ತೆ. ಇದಕ್ಕೆ ಬೆಲೆ ಕಟ್ಟೋದು ಹೇಗೆ? ಬೆಳ್ಳಿ ತೂಕ ಹಾಕಿಯಾ? ಯಂತ್ರದ ಜಾಣತನಕ್ಕಾ? ಅಥವಾ ಅದು ಯಾರ ಮನೆಯದ್ದು ಅನ್ನೋ ಕಾರಣಕ್ಕಾ?

ಪ್ರಶ್ನೆ ರಾಜರ ಮನೆಗೆ ಮಾತ್ರ ಸೇರಿದ್ದಲ್ಲ. ತಾತನ ಪೆಟ್ಟಿಗೆಯಲ್ಲಿ ಹಳೇ ಆಟದ ಎಂಜಿನ್ ಒಂದು ಸಿಕ್ಕರೆ ಯಾರಿಗಾದರೂ ಇದೇ ಪ್ರಶ್ನೆ ಬರುತ್ತೆ. ಇದು ಒಳ್ಳೆಯದಾ? ಇದಕ್ಕೆ ಬೆಲೆ ಇದೆಯಾ? ಈ ಎರಡೂ ಒಂದೇ ಪ್ರಶ್ನೆ ಅಂತ ನಾವು ಅಂದುಕೊಳ್ತೀವಿ. ಇತಿಹಾಸ ನೋಡಿದ್ರೆ ಹಾಗಿಲ್ಲ.

ಶುರು ಮಾಡೋಣ ಜರ್ಮನಿಯ ಗೋಪಿಂಗನ್ ಊರಿಂದ. 1859ರಲ್ಲಿ ಅಲ್ಲಿ ಮಾರ್ಕ್ಲಿನ್ ಅನ್ನೋ ತಗಡು ಕೆಲಸದವರು ಒಂದು ಕಂಪನಿ ಕಟ್ಟಿದ್ರು. ಮೊದಲು ಮಾಡ್ತಿದ್ದದ್ದು ಗೊಂಬೆ ಮನೆಯ ಅಡುಗೆ ಪಾತ್ರೆ. 1891ರ ಲೈಪ್‌ಜಿಗ್ ಮೇಳದಲ್ಲಿ ಅದೇ ಕಂಪನಿ ಕೀಲಿ ಕೊಟ್ಟು ಓಡಿಸುವ ರೈಲು ತಂದಿತು. ಆಟದ ರೈಲು ಹೊಸದೇನಲ್ಲ, ಹೊಸದಾಗಿದ್ದದ್ದು ಹಳಿ. ಹಳಿಯ ಅಗಲಕ್ಕೆ ನಿಗದಿಯಾದ ಅಳತೆಗಳು, ಅವಕ್ಕೆ ಒಂದೊಂದು ಸಂಖ್ಯೆ. ಈ ವರ್ಷ ಎಂಜಿನ್ ಕೊಂಡ ಮಗು ಮುಂದಿನ ವರ್ಷ ಇನ್ನೊಂದು ಬೋಗಿ ಕೊಳ್ಳಬಹುದು, ಮತ್ತಷ್ಟು ಹಳಿ ಜೋಡಿಸಬಹುದು. ಆ ಕಾಲಕ್ಕೆ ಒಳ್ಳೆ ಎಂಜಿನ್ ಅಂದ್ರೆ ಉಳಿದದ್ದರ ಜೊತೆ ಹೊಂದಿಕೊಳ್ಳೋ ಎಂಜಿನ್.

ಇಂಗ್ಲೆಂಡಿನ ಬ್ಯಾಸೆಟ್-ಲೋಕ್ ಇದಕ್ಕೆ ಎರಡನೇ ಅಳತೆಗೋಲು ಸೇರಿಸಿದ್ರು. ಜರ್ಮನಿಯ ಆಟಿಕೆಗಳು ಗಟ್ಟಿಯಾಗಿದ್ವು, ಆದ್ರೆ ಬ್ರಿಟಿಷ್ ಹುಡುಗ ಸ್ಟೇಷನ್ನಿನಲ್ಲಿ ನೋಡುವ ಎಂಜಿನ್ ಥರ ಕಾಣ್ತಿರಲಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜರ್ಮನ್ ತಯಾರಕರ ಕೆಲಸ ನೋಡಿದ ಅವರು, ನ್ಯೂರೆಂಬರ್ಗ್‌ನ ಬಿಂಗ್ ಕಂಪನಿಯಿಂದ ಬ್ರಿಟಿಷ್ ನಮೂನೆಯ ಎಂಜಿನ್‌ಗಳನ್ನ ಮಾಡಿಸಿ ಮಾರಿದ್ರು. ಅಲ್ಲಿಂದ ಮುಂದೆ ‘ನಿಜದ ಎಂಜಿನ್ ಥರ ಇದೆಯಾ’ ಅನ್ನೋದು ಗುಣದ ಪರೀಕ್ಷೆ ಆಯ್ತು.

ಈ ಹಂಬಲವೇ ಮುಂದೆ ಒಂದು ರೋಗಕ್ಕೂ ದಾರಿ ಮಾಡಿತು. ಕಥೆಯ ಮುಖ್ಯ ಭಾಗ ಇದು.

ತಗಡನ್ನ ಮಡಚಬಹುದು, ಬಣ್ಣ ಬಳಿಯಬಹುದು. ಆದ್ರೆ ಸಣ್ಣ ಸಣ್ಣ ರಿವೆಟ್, ಪೈಪು, ಚಕ್ರದ ಕಡ್ಡಿ ಇವನ್ನೆಲ್ಲ ತಗಡಿನಲ್ಲಿ ತೋರಿಸೋದು ಕಷ್ಟ. ಸತು ಮಿಶ್ರಲೋಹವನ್ನ ಕರಗಿಸಿ, ಒತ್ತಡ ಕೊಟ್ಟು ಉಕ್ಕಿನ ಅಚ್ಚಿಗೆ ತುಂಬಿದ್ರೆ ಅದೆಲ್ಲ ಸಲೀಸು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತಗಡಿನ ರೈಲು ಶುರು ಮಾಡಿದ್ರು. 1936ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ಕಂಪನಿ ‘ಪ್ರಿನ್ಸೆಸ್ ಎಲಿಜಬೆತ್’ ಎಂಜಿನ್ ಬಿಟ್ಟಿತು. ಬೆಲೆ 5 ಗಿನಿ. ಆಗಿನ ಸಾಮಾನ್ಯ ಕಾರ್ಮಿಕನ ವಾರದ ಸಂಬಳಕ್ಕಿಂತ ಜಾಸ್ತಿ! 1938ರಲ್ಲಿ ‘ಹಾರ್ನ್‌ಬಿ ಡಬ್ಲೊ’ ಬಂತು. ಗಾತ್ರ ಚಿಕ್ಕದು, ಮೈ ಪೂರ್ತಿ ಎರಕದ್ದು.

ಈ ಕಾಲದ ಸತುವಿನ ಎರಕಗಳಲ್ಲಿ ಎಷ್ಟೋ ಈಗ ತಾವಾಗೇ ಬಿರಿದು ಉದುರುತ್ತಿವೆ. ಸಂಗ್ರಾಹಕರು ಇದನ್ನ ‘ಸತು ಪಿಡುಗು’ ಅಂತಾರೆ. ಕಾರಣ ಸರಳ. ಸತುವಿನಲ್ಲಿ ತುಸು ಸೀಸ ಬೆರೆತಿದ್ದರೂ ಲೋಹದ ಕಣಗಳ ನಡುವೆ ನಿಧಾನಕ್ಕೆ ಸವೆತ ಶುರುವಾಗುತ್ತೆ. ತೇವ, ಸೆಕೆ ಇದ್ದಲ್ಲಿ ಇನ್ನೂ ಬೇಗ. ಮೈ ಉಬ್ಬುತ್ತೆ, ಕೂದಲೆಳೆ ಬಿರುಕು ಬರುತ್ತೆ, ಕೊನೆಗೆ ಚಕ್ರ ಹಿಡಿದರೆ ಪುಡಿ. 1920ರ ದಶಕದಲ್ಲೇ ಕಾರಣ ಗೊತ್ತಾಗಿತ್ತು, 99.99% ಶುದ್ಧ ಸತು ಬಳಸಬೇಕು ಅಂತಲೂ ತಿಳಿದಿತ್ತು. ಆದ್ರೆ ಕಾರ್ಖಾನೆಯಲ್ಲಿ ಎಲ್ಲ ದಿನವೂ ಆ ಎಚ್ಚರ ಇರಲಿಲ್ಲ. ಇದು ಒಂದು ಎಂಜಿನ್‌ನಿಂದ ಇನ್ನೊಂದಕ್ಕೆ ಅಂಟೋ ರೋಗ ಅಲ್ಲ. ಆದ್ರೆ ಶುರುವಾದ ಮೇಲೆ ಮದ್ದೂ ಇಲ್ಲ. ಎರಕದ್ದಕ್ಕಿಂತ ಒರಟಾಗಿ ಕಾಣೋ ಅಜ್ಜನ ಕಾಲದ ತಗಡಿನ ಎಂಜಿನ್ ಗಟ್ಟಿಯಾಗಿ ನಿಂತಿರೋದು, ಮೊಮ್ಮಗನ ಕಾಲದ ನಾಜೂಕಿನ ಎಂಜಿನ್ ಪುಡಿಯಾಗೋದು, ಎರಡನ್ನೂ ಒಂದೇ ಕಪಾಟಿನಲ್ಲಿ ಕಾಣಬಹುದು.

ಹಾಗಾಗಿ ತಿಳಿದವರು ಬಣ್ಣ ನೋಡೋ ಮೊದಲು ಎಂಜಿನ್ ತಿರುಗಿಸಿ ಚಕ್ರ, ತಳದ ಚೌಕಟ್ಟು ನೋಡ್ತಾರೆ. ಬಿರುಕು ಇದೆಯಾ, ಮೈ ಬಾಗಿದೆಯಾ, ಆಮೇಲೆ ಮಿಕ್ಕ ಮಾತು.

ಇಲ್ಲೀತನಕ ಹೇಳಿದ್ದು ಗುಣದ ಲೆಕ್ಕ. ಇನ್ನು ಬೆಲೆಯ ಲೆಕ್ಕಕ್ಕೆ ಅಮೆರಿಕಕ್ಕೆ ಹೋಗೋಣ. ಅಲ್ಲಿ 1954ರಲ್ಲಿ ಟ್ರೈನ್ ಕಲೆಕ್ಟರ್ಸ್ ಅಸೋಸಿಯೇಷನ್ ಅನ್ನೋ ಸಂಘ ಹುಟ್ಟಿತು. ಹಳೇ ರೈಲುಗಳ ಸ್ಥಿತಿಗೆ ದರ್ಜೆ ಕೊಡೋ ಪದ್ಧತಿಯನ್ನ ಅದು ರೂಢಿಗೆ ತಂತು. ಮೇಲಿನ ದರ್ಜೆ ಯಾವುದಕ್ಕೆ ಗೊತ್ತಾ? ಒಂದು ಗೀರೂ ಇಲ್ಲದ, ಒಮ್ಮೆಯೂ ಬಳಸದ ರೈಲಿಗೆ. ಯೋಚನೆ ಮಾಡಿ, ಮಗು ಆಡಲಿ ಅಂತ ಮಾಡಿದ ವಸ್ತು, ಮಗು ಮುಟ್ಟದೇ ಇದ್ದರೆ ಹೆಚ್ಚು ಬೆಲೆ. ಜೊತೆಗೆ ರಟ್ಟಿನ ಡಬ್ಬಿ ಬೇರೆ. ಅವತ್ತು ಮಕ್ಕಳು ಹರಿದು ಎಸೆದಿದ್ದರಿಂದ ಉಳಿದ ಡಬ್ಬಿಗೇ ಇವತ್ತು ಬೇರೆ ಬೆಲೆ ಇದೆ.

ಇದಕ್ಕೆ 1957ರ ಒಂದು ಕಥೆ ಚೆನ್ನಾಗಿ ಹೊಂದುತ್ತೆ. ಲಯನೆಲ್ ಕಂಪನಿ ಹುಡುಗಿಯರಿಗೂ ರೈಲು ಮಾರೋಣ ಅಂತ ಗುಲಾಬಿ ಬಣ್ಣದ ಉಗಿ ಎಂಜಿನ್ ಬಿಟ್ಟಿತು. ಹಿಂದೆ ತಿಳಿ ನೀಲಿ, ತಿಳಿ ಹಳದಿ ಬೋಗಿಗಳು. ಯಾರೂ ಕೊಳ್ಳಲಿಲ್ಲ. ರೈಲು ಬೇಕಿದ್ದ ಹುಡುಗಿಯರಿಗೂ ನಿಜದ ರೈಲಿನ ಹಾಗೆ ಕಪ್ಪಗಿರೋ ಎಂಜಿನ್ನೇ ಬೇಕಿತ್ತು. ಮಾರಾಟವಾಗದೆ ಉಳಿದ ಕೆಲವಕ್ಕೆ ಅಂಗಡಿಯವರು ಕಪ್ಪು ಬಣ್ಣ ಬಳಿದು ಮಾರಿದ್ರು ಅಂತ ಸಂಗ್ರಾಹಕರು ಹೇಳ್ತಾರೆ. ಒಳಗಿದ್ದದ್ದು 2037 ಅನ್ನೋ ಸಾಮಾನ್ಯ ಎಂಜಿನ್, ಅದೇ ಎರಕ, ಅದೇ ಮೋಟಾರು. ಇವತ್ತು ಕಪ್ಪು 2037 ಸುಲಭವಾಗಿ ಸಿಗುತ್ತೆ. ಅಸಲಿ ಗುಲಾಬಿಗೆ ಅದರ ಎಷ್ಟೋ ಪಟ್ಟು ಬೆಲೆ. ಗುಣದಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ ನೋಡಿ! ಹಾಗಾಗಿ ಈಗ ಕಪ್ಪಿಗೆ ಗುಲಾಬಿ ಬಳಿದ ನಕಲಿಗಳೂ ಇವೆ. ಲಯನೆಲ್ ತಾನೇ 1991ರಲ್ಲಿ ಇದನ್ನ ಮತ್ತೆ ತಯಾರಿಸಿತು, ಅದನ್ನೂ ಹಳೆಯದರಿಂದ ಬೇರೆ ಮಾಡಿ ಗುರುತಿಸಬೇಕು.

ಉಲ್ಟಾ ಕಥೆಯೂ ಇದೆ. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು ಅಲ್ಲಿನ ಕುಶಲಕರ್ಮಿಗಳು ಕೈಯಿಂದ ಬೆಸೆದ ಹಿತ್ತಾಳೆ ಎಂಜಿನ್‌ಗಳನ್ನ ಕಂಡು ಮನಸೋತರು. ಸಣ್ಣ ಸಂಖ್ಯೆಯಲ್ಲಿ ಮಾಡ್ತಿದ್ದ, ಅದ್ಭುತ ಕೆಲಸ. ದಶಕಗಳ ಕಾಲ ಜನ ಇವನ್ನ ಬಂಡವಾಳ ಅಂತ ಕೊಂಡರು. ಆಮೇಲೆ ಚೀನಾದ ಕಾರ್ಖಾನೆಗಳಲ್ಲಿ ಅಷ್ಟೇ ಸೂಕ್ಷ್ಮವಾದ, ಇನ್ನೂ ಚೆನ್ನಾಗಿ ಓಡುವ ಪ್ಲಾಸ್ಟಿಕ್ ಎಂಜಿನ್‌ಗಳು ಬಂದ್ವು. ಎಷ್ಟೋ ಹಿತ್ತಾಳೆ ಎಂಜಿನ್‌ಗಳ ಬೆಲೆ ಇಳಿಯಿತು. ಕೆಲಸಗಾರನ ಕೈಚಳಕ ಮಾತ್ರ ಮೊದಲಿದ್ದಷ್ಟೇ ಇದೆ.

ಈಗ ಇನ್ನೊಂದು ಬದಲಾವಣೆ. ಈ ರೈಲುಗಳ ಜೊತೆ ಬೆಳೆದ ತಲೆಮಾರಿಗೆ ವಯಸ್ಸಾಗಿದೆ, ಸಂಗ್ರಹಗಳು ಒಂದರ ಹಿಂದೊಂದು ಮಾರಾಟಕ್ಕೆ ಬರ್ತಿವೆ. ಮಾರ್ಕ್ಲಿನ್ ಕಂಪನಿಯೇ 2009ರಲ್ಲಿ, ತನ್ನ 150ನೇ ವರ್ಷದಲ್ಲಿ ದಿವಾಳಿ ಅರ್ಜಿ ಹಾಕಿತ್ತು, ಆಮೇಲೆ ಚೇತರಿಸಿಕೊಂಡಿತು. ಲಕ್ಷಗಟ್ಟಲೆ ತಯಾರಾದ ಸಾಮಾನ್ಯ ಎಂಜಿನ್ ಹಳೇದು ಅನ್ನೋ ಒಂದೇ ಕಾರಣಕ್ಕೆ ದುಬಾರಿ ಆಗೋದಿಲ್ಲ.

ಹಾಗಾದ್ರೆ ಪೆಟ್ಟಿಗೆಯಲ್ಲಿ ಎಂಜಿನ್ ಸಿಕ್ಕರೆ ಏನು ಮಾಡಬೇಕು? ಉಜ್ಜಿ ಹೊಳಪು ಕೊಡಬೇಡಿ, ಬಣ್ಣ ಬಳಿಸಬೇಡಿ, ಹರಿದ ಡಬ್ಬಿ ಎಸೆಯಬೇಡಿ. ಒಣಗಿದ, ತಂಪಾದ ಜಾಗದಲ್ಲಿಡಿ. ಸ್ಕ್ರೂ ತಲೆ ಸವೆದಿದ್ರೆ ಯಾರೋ ಮೊದಲೇ ಬಿಚ್ಚಿದ್ದಾರೆ ಅಂತ ಅರ್ಥ, ಒಳಗಿನ ಭಾಗ ಬದಲಾಗಿರಬಹುದು. ಬಹಳ ಹಳೇ ವಿದ್ಯುತ್ ರೈಲುಗಳಲ್ಲಿ ಕೆಲವು ಮನೆಯ ಕರೆಂಟನ್ನ ಬಲ್ಬಿನ ಮೂಲಕ ಹಾಯಿಸಿ ಓಡಿಸುವಂಥವು, ಹಳಿ ಮುಟ್ಟಿದರೆ ಶಾಕ್ ಹೊಡೆಯೋ ಅಪಾಯ. ಅಂಥದ್ದನ್ನ ಪ್ಲಗ್ಗಿಗೆ ಹಾಕಲೇಬೇಡಿ.

ಮಾರೋದಾದ್ರೆ ಮಾರುಕಟ್ಟೆಯ ದರ್ಜೆ ನೋಡಿ, ಅದು ಅವರ ಆಟದ ನಿಯಮ. ಮನೆಯಲ್ಲೇ ಇಟ್ಟುಕೊಳ್ಳೋದಾದ್ರೆ ಆ ನಿಯಮ ನಿಮಗೆ ಅನ್ವಯಿಸೋದಿಲ್ಲ. ಅಂಚಿನಲ್ಲಿ ಬಣ್ಣ ಹೋಗಿದೆ ಅಂದ್ರೆ ಅದನ್ನ ಯಾರೋ ಮಗು ತುಂಬಾ ದಿನ ಓಡಿಸಿದೆ ಅಂತ ಅರ್ಥ. ತಯಾರಿಸಿದವರು ಬಯಸಿದ್ದೂ ಅದನ್ನೇ.