ಹೋಟೆಲ್ ಸ್ಪಾದಲ್ಲಿ ಬಿಸಿ ಕಲ್ಲಿನ ಮಸಾಜ್: ಶುಗರ್ ಇರೋರು ಹೋಗೋ ಮುಂಚೆ ಒಂದ್ಸಲ ಓದಿ

ಹಲಗೂರು: ಬೆಂಗಳೂರಲ್ಲಿ ಕೆಲಸಕ್ಕಿರೋ ಮಕ್ಕಳು ಊರಲ್ಲಿರುವ ಅಪ್ಪ-ಅಮ್ಮನಿಗೆ ಮೊದಲೆಲ್ಲ ಹಬ್ಬಕ್ಕೆ ಸೀರೆ, ಪಂಚೆ ತರುತ್ತಿದ್ದರು. ಆಮೇಲೆ ಮೊಬೈಲ್ ಬಂತು. ಈಗ ಅದರ ಜತೆಗೆ ಹೋಟೆಲ್ ಸ್ಪಾ ಕೂಪನ್ನೂ ಸೇರಿಕೊಂಡಿದೆ. ಸಾತನೂರು, ಕನಕಪುರ ದಾಟಿದರೆ ಬೆಂಗಳೂರು, ಈ ಕಡೆ ಮಳವಳ್ಳಿ ಮೇಲೆ ಹೋದರೆ ಮೈಸೂರು. ಎರಡೂ ಕಡೆ ದೊಡ್ಡ ಹೋಟೆಲ್‌ಗಳಿಗೇನೂ ಬರವಿಲ್ಲ. ಗದ್ದೆಯಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದವರಿಗೆ, ಕಬ್ಬಿನ ಹೊರೆ ಹೊತ್ತು ಹೆಗಲು ನೋಯಿಸಿಕೊಂಡವರಿಗೆ "ಒಂದ್ಸಲ ಹೋಗಿ ಬನ್ನಿ, ಮೈ ಹಗುರ ಆಗುತ್ತೆ" ಎಂದು ಮಕ್ಕಳು ಹೇಳೋದು ಪ್ರೀತಿಯಿಂದಲೇ.

ಮೈ ಹಗುರ ಆಗೋದೂ ನಿಜ. ಆದರೆ ಸ್ಪಾ ಮೆನುವಿನಲ್ಲಿ 'ಹಾಟ್ ಸ್ಟೋನ್', 'ಹರ್ಬಲ್ ಕಂಪ್ರೆಸ್', 'ಕಿಳಿ' ಎಂದೆಲ್ಲ ಬರೆದಿರುವ ಬಿಸಿ ಮಸಾಜ್‌ಗಳು ಎಲ್ಲರ ಮೈಗೂ ಒಗ್ಗುವಂಥವಲ್ಲ. ಮುಖ್ಯವಾಗಿ ಹತ್ತಾರು ವರ್ಷದಿಂದ ಶುಗರ್ ಇದ್ದು, ಪಾದ ಜೋಮು ಹಿಡಿದಂತೆ ಇರುವವರು ಮೊದಲೇ ತಿಳಿದುಕೊಳ್ಳಬೇಕಾದ ಸಂಗತಿಗಳಿವೆ.

ಒಳಗೆ ಏನು ನಡೆಯುತ್ತೆ?

ಸ್ಪಾ ಅನ್ನೋದು ಮೂಲದಲ್ಲಿ ಒಂದು ಊರಿನ ಹೆಸರು. ಬೆಲ್ಜಿಯಂ ದೇಶದ ಸ್ಪಾ ಎಂಬ ಊರಿನ ಖನಿಜ ನೀರಿನ ಬುಗ್ಗೆಗಳಿಗೆ ಜನ ಕಾಯಿಲೆ ವಾಸಿ ಮಾಡಿಕೊಳ್ಳಲು ಹೋಗುತ್ತಿದ್ದರು. ಆ ಹೆಸರೇ ಈಗ ಹೋಟೆಲ್‌ಗಳಿಗೆ ಬಂದಿದೆ. ತಾಜ್ ಹೋಟೆಲ್‌ಗಳಲ್ಲಿ ಮೊದಲು ಇದ್ದದ್ದು 'ಜೀವಾ', ಐಟಿಸಿ ಹೋಟೆಲ್‌ಗಳಲ್ಲಿ 'ಕಾಯಕಲ್ಪ' ಹೀಗೆ ಒಂದೊಂದು ಕಂಪನಿಯದು ಒಂದೊಂದು ಬೋರ್ಡು.

ಹೋದ ತಕ್ಷಣ ಕುಡಿಯೋಕೆ ಏನಾದರೂ ಕೊಟ್ಟು, ಕೈಗೆ ಒಂದು ಫಾರಂ ಕೊಡುತ್ತಾರೆ. ಬಿಪಿ ಇದೆಯಾ, ಶುಗರ್ ಇದೆಯಾ, ಆಪರೇಷನ್ ಆಗಿದೆಯಾ, ಗರ್ಭಿಣಿಯಾ ಎಂದು ಅದರಲ್ಲಿ ಕೇಳಿರುತ್ತಾರೆ. ಫಾರಂ ಬಹುತೇಕ ಇಂಗ್ಲಿಷ್‌ನಲ್ಲೇ ಇರುತ್ತೆ. ಜತೆಗೆ ಹೋದ ಮಗನೋ ಸೊಸೆಯೋ ಗಡಿಬಿಡಿಯಲ್ಲಿ ಎಲ್ಲದಕ್ಕೂ 'ಇಲ್ಲ' ಅಂತ ಗೀಚಿ ಸಹಿ ಹಾಕಿಸಿಬಿಟ್ಟರೆ ಅಲ್ಲಿಂದಲೇ ತೊಂದರೆ ಶುರು. ಆ ಒಂದು ಹಾಳೆ ನೋಡಿಯೇ ಒಳಗಿರುವವರು ಎಷ್ಟು ಬಿಸಿ, ಎಷ್ಟು ಒತ್ತಡ ಎಂದು ತೀರ್ಮಾನ ಮಾಡೋದು. ಅರ್ಥ ಆಗದಿದ್ದರೆ ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಆಮೇಲೆ ಬಟ್ಟೆ ಬದಲಾಯಿಸೋ ಕೋಣೆ. ಬಳಸಿ ಬಿಸಾಡುವ ಒಳ ಉಡುಪು, ಮೇಲೆ ಹೊದೆಯಲು ಬಟ್ಟೆ ಕೊಡುತ್ತಾರೆ. ಮಸಾಜ್ ಮಾಡುವ ಭಾಗ ಬಿಟ್ಟು ಉಳಿದ ಮೈ ಮುಚ್ಚಿಯೇ ಇರಬೇಕು. ಊರಿನ ಹೆಣ್ಣುಮಕ್ಕಳು ಇದಕ್ಕೇ ಮುಜುಗರ ಪಡೋದು ಜಾಸ್ತಿ. ಹೆಂಗಸರಿಗೆ ಹೆಂಗಸರೇ ಮಾಡಬೇಕು ಎಂದು ಬುಕ್ ಮಾಡುವಾಗಲೇ ಹೇಳಿಬಿಡುವುದು ಒಳ್ಳೆಯದು.

ಬಿಸಿ ಕಲ್ಲಿನ ಮಸಾಜ್‌ಗೆ ಬಳಸೋದು ಬಸಾಲ್ಟ್ ಎಂಬ ಕಪ್ಪು ಕಲ್ಲು. ಜ್ವಾಲಾಮುಖಿಯ ಲಾವಾ ಆರಿ ಆದದ್ದು. ನಮ್ಮ ಕಡೆ ಸಿಗುವುದೆಲ್ಲ ಗ್ರಾನೈಟ್ ಜಾತಿಯ ಬಂಡೆ. ಬಸಾಲ್ಟ್ ಬೇಕೆಂದರೆ ವಿಜಯಪುರ, ಕಲಬುರಗಿ ಕಡೆ ಹೋಗಬೇಕು. ನುಣುಪಾದ ಈ ಕಲ್ಲುಗಳನ್ನು ಕರೆಂಟ್ ಹೀಟರ್ ಇರುವ ನೀರಿನ ತಟ್ಟೆಯಲ್ಲಿ ಕಾಯಿಸುತ್ತಾರೆ. ನೀರಿನ ಬಿಸಿ ಸಾಮಾನ್ಯವಾಗಿ 50ರಿಂದ 55 ಡಿಗ್ರಿ ಸೆಲ್ಸಿಯಸ್. ಮೈಗೆ ಎಣ್ಣೆ ಹಚ್ಚಿ, ಕಲ್ಲನ್ನು ಕೈಯಲ್ಲಿ ಹಿಡಿದು ಬೆನ್ನು, ಭುಜ, ಮೀನಖಂಡದ ಮೇಲೆ ಉಜ್ಜುತ್ತಾರೆ. ಕೆಲವು ಕಲ್ಲುಗಳನ್ನು ಬೆನ್ನಿನ ಉದ್ದಕ್ಕೂ ಸಾಲಾಗಿ ಇಟ್ಟು ಬಿಡುತ್ತಾರೆ. ಹಾಗೆ ಇಡುವಾಗ ಕಲ್ಲಿಗೂ ಚರ್ಮಕ್ಕೂ ನಡುವೆ ಟವೆಲ್ ಇರಲೇಬೇಕು. ಒಟ್ಟು ಒಂದರಿಂದ ಒಂದೂವರೆ ಗಂಟೆ.

ಕಿಳಿ ಅನ್ನೋದು ಕೇರಳದಿಂದ ಬಂದ ಹೆಸರು, ಗಂಟು ಅಂತ ಅರ್ಥ. ಸೊಪ್ಪನ್ನೋ ಔಷಧಿ ಪುಡಿಯನ್ನೋ ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಎಣ್ಣೆಯಲ್ಲಿ ಅದ್ದಿ ಮೈಗೆ ಒತ್ತುವುದು. ಹಾಲಿನಲ್ಲಿ ಬೇಯಿಸಿದ ನವರ ಅಕ್ಕಿಯ ಗಂಟೂ ಇದೆ. ಆಯುರ್ವೇದದಲ್ಲಿ ಇವಕ್ಕೆ ಪಿಂಡ ಸ್ವೇದ ಎನ್ನುತ್ತಾರೆ.

ಹೊಸದೇನೂ ಅಲ್ಲ

ಈಗಿನ ಸ್ಪಾಗಳಲ್ಲಿ ಕಾಣುವ ಹಾಟ್ ಸ್ಟೋನ್ ಪದ್ಧತಿಗೆ ರೂಪ ಕೊಟ್ಟವರು ಅಮೆರಿಕದ ಅರಿಜೋನಾ ರಾಜ್ಯದ ಮೇರಿ ನೆಲ್ಸನ್, 1993ರಲ್ಲಿ. ಆದರೆ ಕಲ್ಲು ಕಾಯಿಸಿ ಮೈಗೆ ಶಾಖ ಕೊಡೋ ವಿದ್ಯೆ ಅದಕ್ಕಿಂತ ಎಷ್ಟೋ ಹಳೆಯದು. ಚರಕ ಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯ ಪೂರ್ತಿ ಬೆವರಿಸುವ ಚಿಕಿತ್ಸೆಯದ್ದೇ. ಬೆಂಕಿಯ ಶಾಖ ಕೊಡುವ 13 ವಿಧಾನ ಅಲ್ಲಿ ಹೇಳಿದೆ. ಅದರಲ್ಲಿ ಒಂದು ಅಶ್ಮಘನ ಸ್ವೇದ: ಮನುಷ್ಯ ಮಲಗುವಷ್ಟು ದೊಡ್ಡ ಕಲ್ಲಿನ ಮೇಲೆ ಸೌದೆ ಉರಿಸಿ, ಕೆಂಡ ಬಳಿದುಹಾಕಿ, ಬಿಸಿನೀರು ಚಿಮುಕಿಸಿ, ಮೇಲೆ ಕಂಬಳಿ ಹಾಸಿ ರೋಗಿಯನ್ನು ಮಲಗಿಸುವುದು.

ನಮ್ಮ ಮನೆಗಳಲ್ಲೂ ಇದೆಲ್ಲ ಇತ್ತು, ಈಗಲೂ ಇದೆ. ದೀಪಾವಳಿಗೆ ನೀರು ತುಂಬಿ, ಬೆಳಗಿನ ಜಾವ ಎಣ್ಣೆ ಹಚ್ಚಿ ಹಂಡೆ ನೀರು ಹುಯ್ಯೋದು, ಬಾಣಂತಿಗೆ ಮೈ ನೀವಿ ಬಿಸಿನೀರು ಹಾಕೋದು, ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಶಾಖ ಕೊಡೋದು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಾಡಿಸಿ ಮಂಡಿಗೆ ಕಟ್ಟೋದು. ಹಿಮ್ಮಡಿ ನೋವಿಗೆ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಇಟ್ಟು ಕಾಲೂರೋದು. ಹೋಟೆಲ್‌ನಲ್ಲಿ ಸಾವಿರಗಟ್ಟಲೆ ಕೊಟ್ಟು ಮಾಡಿಸಿಕೊಳ್ಳೋ ಕಿಳಿಗೂ ಅಜ್ಜಿ ಕಟ್ಟುತ್ತಿದ್ದ ಉಪ್ಪಿನ ಗಂಟಿಗೂ ನೆಂಟಸ್ತಿಕೆ ಇದೆ.

ಏನು ಉಪಯೋಗ, ಏನು ಬರೀ ಮಾತು

ಬಿಸಿ ತಾಗಿದಾಗ ಚರ್ಮದ ರಕ್ತನಾಳ ಹಿಗ್ಗಿ ರಕ್ತ ಓಡಾಟ ಜಾಸ್ತಿ ಆಗುತ್ತೆ, ಬಿಗಿದುಕೊಂಡ ಸ್ನಾಯು ಸಡಿಲ ಆಗುತ್ತೆ. ಬಿಸಿ ಮತ್ತು ಒತ್ತಡದ ಸಂವೇದನೆ ನೋವಿನ ಸಂಕೇತವನ್ನು ಸ್ವಲ್ಪ ಹೊತ್ತು ಅಡಗಿಸುತ್ತೆ. ಸೊಂಟನೋವಿಗೆ ಶಾಖದ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕೊಕ್ರೇನ್ ವಿಮರ್ಶೆ 2006ರಲ್ಲಿ ಬಂತು. ಸೊಂಟಕ್ಕೆ ಬಿಸಿ ಪಟ್ಟಿ ಸುತ್ತಿದರೆ ನೋವು ಸ್ವಲ್ಪ ಕಡಿಮೆಯಾಗುತ್ತೆ, ಅದೂ ಕೆಲವು ದಿನದ ಮಟ್ಟಿಗೆ ಎಂದು ಅದರಲ್ಲಿ ಹೇಳಿದೆ. ಅಂದರೆ ಆರಾಮ ಸಿಗುತ್ತೆ, ಕಾಯಿಲೆ ವಾಸಿ ಆಗಲ್ಲ. ಡಿಸ್ಕ್ ಜಾರಿದ್ದು ಕಲ್ಲಿಟ್ಟರೆ ಸ್ವಸ್ಥಾನಕ್ಕೆ ಹೋಗಲ್ಲ, ಸವೆದ ಮಂಡಿ ಬೆಳೆಯಲ್ಲ.

ಇನ್ನು 'ಮೈಯಲ್ಲಿರೋ ವಿಷ ಎಲ್ಲ ಬೆವರಲ್ಲಿ ಹೊರಗೆ ಹೋಗುತ್ತೆ' ಅನ್ನೋ ಮಾತು. ಬೆವರು ಅಂದರೆ ಹೆಚ್ಚುಕಮ್ಮಿ ನೀರು ಮತ್ತು ಉಪ್ಪು. ವಿಷ ತೆಗೆಯೋ ಕೆಲಸ ಮೂತ್ರಪಿಂಡ ಮತ್ತು ಯಕೃತ್ತಿನದು. ಅವು ಸ್ಪಾಗೆ ಹೋದರೂ ಹೋಗದಿದ್ದರೂ ಅದನ್ನು ಮಾಡುತ್ತಲೇ ಇರುತ್ತವೆ.

ಶುಗರ್ ಇದ್ದವರ ಕಾಲಿನ ಕಥೆ

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅದು ಈಗ ಪೇಟೆಯವರ ಕಾಯಿಲೆಯಾಗಿ ಉಳಿದಿಲ್ಲ. ವರ್ಷಗಟ್ಟಲೆ ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ನರಗಳು ಹಾಳಾಗುತ್ತವೆ, ಮೊದಲು ಪಾದದಲ್ಲೇ. ಉರಿ, ಜುಮುಜುಮು, ಆಮೇಲೆ ಹತ್ತಿಯ ಮೇಲೆ ನಡೆದ ಹಾಗೆ. ಕೊನೆಗೆ ಚಪ್ಪಲಿ ಕಾಲಿಂದ ಜಾರಿಹೋದರೂ ಗೊತ್ತಾಗಲ್ಲ, ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ.

ಬಿಸಿಯೂ ಗೊತ್ತಾಗಲ್ಲ. ಇಲ್ಲಿರೋದೇ ಅಪಾಯ. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಎಷ್ಟು ಬಿಸಿಗೆ ಎಷ್ಟು ಹೊತ್ತಿನಲ್ಲಿ ಚರ್ಮ ಸುಡುತ್ತೆ ಎಂದು ಅಳೆದಿದ್ದರು. 44 ಡಿಗ್ರಿಯಲ್ಲಾದರೆ ಸುಮಾರು 6 ಗಂಟೆ ಬೇಕು, 50 ಡಿಗ್ರಿಯ ಆಸುಪಾಸಿನಲ್ಲಿ ಕೆಲವೇ ನಿಮಿಷ, 60 ಡಿಗ್ರಿಯಲ್ಲಿ 5 ಸೆಕೆಂಡ್ ಸಾಕು. ನರ ಸರಿ ಇದ್ದವರು ಅಷ್ಟರಲ್ಲಿ "ಅಯ್ಯೋ ಸುಡ್ತಾ ಇದೆ" ಎಂದು ಕಾಲು ಎಳೆದುಕೊಳ್ಳುತ್ತಾರೆ. ನರ ಸತ್ತವರು "ಇನ್ನೂ ಸ್ವಲ್ಪ ಬಿಸಿ ಇರಲಿ, ಏನೂ ಗೊತ್ತಾಗ್ತಿಲ್ಲ" ಅಂತಾರೆ! ಮಾರನೇ ದಿನ ಬೊಬ್ಬೆ, ಆಮೇಲೆ ಹುಣ್ಣು. ಶುಗರ್ ಇರುವ ಕಾಲಿಗೆ ಆದ ಹುಣ್ಣು ಬೇಗ ಮಾಯಲ್ಲ. ಕೀವಾಗಿ ಒಳಗೆ ಇಳಿದರೆ ಬೆರಳು, ಪಾದ ತೆಗೆಯಬೇಕಾದ ಹಂತಕ್ಕೂ ಹೋಗಬಹುದು.

ಈ ಮಾತು ಸ್ಪಾ ಕಲ್ಲಿಗೆ ಎಷ್ಟು ಅನ್ವಯಿಸುತ್ತೋ ಮನೆಯ ಕಾಯಿಸಿದ ಇಟ್ಟಿಗೆಗೂ ಅಷ್ಟೇ. ಹೇಳಬೇಕೆಂದರೆ ಇಟ್ಟಿಗೆಯೇ ಹೆಚ್ಚು ಅಪಾಯ. ಸ್ಪಾದಲ್ಲಿ ಹೀಟರ್‌ಗೆ ಥರ್ಮಾಮೀಟರ್ ಆದರೂ ಇರುತ್ತೆ, ಒಲೆಯಲ್ಲಿ ಕಾದ ಇಟ್ಟಿಗೆಗೆ ಅಳತೆ ಎಲ್ಲಿದೆ? ಬಿಸಿನೀರಿನ ರಬ್ಬರ್ ಚೀಲ, ಕರೆಂಟ್ ಶಾಖದ ಪ್ಯಾಡ್, ಚಳಿಗೆ ಕಾಲು ಚಾಚಿ ಕೆಂಡದ ಮುಂದೆ ಕೂರೋದು ಎಲ್ಲದಕ್ಕೂ ಇದೇ ಮಾತು.

ಇಂಗ್ಲಿಷ್ ಡಾಕ್ಟರುಗಳು ಈಗ ಹೇಳೋದು ಅಂದುಕೊಂಡರೆ ತಪ್ಪು. ಬೆವರಿಸುವ ಚಿಕಿತ್ಸೆ ಯಾರಿಗೆ ಮಾಡಬಾರದು ಎಂದು ಚರಕ ಸಂಹಿತೆಯ ಅದೇ ಅಧ್ಯಾಯದಲ್ಲಿ ಪಟ್ಟಿ ಇದೆ. ಗರ್ಭಿಣಿಯರು, ರಕ್ತಸ್ರಾವದ ತೊಂದರೆಯವರು, ಭೇದಿ ಆಗುತ್ತಿರುವವರ ಜತೆಗೆ ಮಧುಮೇಹಿಗಳ ಹೆಸರೂ ಅದರಲ್ಲಿದೆ. ಆಯುರ್ವೇದ ಎಂದು ಬೋರ್ಡ್ ಹಾಕಿಕೊಂಡು ಶುಗರ್ ಕೇಳದೆಯೇ ಬಿಸಿ ಗಂಟು ಒತ್ತುವವರು ಆಯುರ್ವೇದವನ್ನೇ ಪೂರ್ತಿ ಓದಿಲ್ಲ ಅಂತಾಯ್ತು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಎಚ್ಚರ. ಚುಚ್ಚಿದ ಜಾಗಕ್ಕೆ ಬಿಸಿ ಇಟ್ಟರೆ, ಉಜ್ಜಿದರೆ ಇನ್ಸುಲಿನ್ ಬೇಗ ಬೇಗ ರಕ್ತಕ್ಕೆ ಸೇರಿ ಶುಗರ್ ದಿಢೀರ್ ಇಳಿಯಬಹುದು. ತಲೆ ಸುತ್ತು, ಬೆವರು, ಕೈನಡುಕ ಬಂದರೆ ಅದನ್ನು 'ಮಸಾಜ್‌ನ ಆರಾಮ' ಅಂದುಕೊಂಡು ಮಲಗಿಬಿಡಬಾರದು. ತಕ್ಷಣ ಸಕ್ಕರೆಯೋ ಬೆಲ್ಲವೋ ಬಾಯಿಗೆ ಹಾಕಿಕೊಳ್ಳಬೇಕು.

ಹಾಗಾದ್ರೆ ಹೋಗಲೇಬಾರದಾ?

ಹಾಗೇನಿಲ್ಲ. ಶುಗರ್ ಹತೋಟಿಯಲ್ಲಿದ್ದು, ಪಾದದ ಸ್ಪರ್ಶ ಸರಿಯಾಗಿದೆ ಎಂದು ಡಾಕ್ಟರ್ ಹೇಳಿದವರು ಹೋಗಬಹುದು. ನೈಲಾನ್ ದಾರದಂಥ ಸಣ್ಣ ಕಡ್ಡಿಯನ್ನು ಪಾದಕ್ಕೆ ಒತ್ತಿ ಗೊತ್ತಾಗುತ್ತಾ ಎಂದು ಕೇಳುವ ಪರೀಕ್ಷೆ ಅದು, ಎರಡು ನಿಮಿಷದ ಕೆಲಸ. 30 ವರ್ಷ ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಕಾಲಿನದ್ದನ್ನೂ ಒಂದ್ಸಲ ನೋಡಿ ಎಂದು ಅಲ್ಲೇ ಕೇಳಿ. ಜೋಮು ಇರುವವರು ಬಿಸಿ ಇಲ್ಲದ ಮಾಮೂಲಿ ಎಣ್ಣೆ ಮಸಾಜ್ ಕೇಳಬಹುದು. ಮಕ್ಕಳು ಕೊಟ್ಟ ಕೂಪನ್ ಅದಕ್ಕೂ ನಡೆಯುತ್ತಾ ಎಂದು ಫೋನ್ ಮಾಡಿ ವಿಚಾರಿಸಿದರಾಯ್ತು.

ಶುಗರ್ ಇಲ್ಲದಿದ್ದರೂ ಬೇಡ ಅನ್ನಬೇಕಾದವರು ಇದ್ದಾರೆ: ಗರ್ಭಿಣಿಯರು, ಜ್ವರ ಇರುವವರು, ಹೃದಯದ ತೊಂದರೆ ಅಥವಾ ಹತೋಟಿ ತಪ್ಪಿದ ಬಿಪಿ ಇರುವವರು, ಹೊಸದಾಗಿ ಆಪರೇಷನ್ ಆದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು. ಲಕ್ವ ಹೊಡೆದ ಕೈಕಾಲಿಗೂ ಬಿಸಿ ಗೊತ್ತಾಗದೇ ಇರಬಹುದು. ನಿನ್ನೆಯೋ ಇವತ್ತೋ ಉಳುಕಿ ಊದಿಕೊಂಡ ಜಾಗಕ್ಕೂ ಬಿಸಿ ಬೇಡ, ಮೊದಲ ಎರಡು ದಿನ ಐಸ್ ಇಡೋದೇ ಸರಿ.

ಒಳಗೆ ಹೋದ ಮೇಲೆ ನೋಡಬೇಕಾದ್ದು ಸ್ವಲ್ಪವೇ. ಕಲ್ಲು ಕಾಯಿಸೋ ಪಾತ್ರೆಯಲ್ಲಿ ಥರ್ಮಾಮೀಟರ್ ಇದೆಯಾ? ಮೈಕ್ರೋವೇವ್‌ನಲ್ಲಿ ಕಾಯಿಸಿದ ಕಲ್ಲಾದರೆ ಬೇಡ ಅನ್ನಿ, ಅದರ ಬಿಸಿಗೆ ಲೆಕ್ಕ ಸಿಗಲ್ಲ. ಕೆಲಸ ಗೊತ್ತಿರುವವರು ಕಲ್ಲನ್ನು ಮೊದಲು ತಮ್ಮ ಮುಂಗೈಗೆ ಇಟ್ಟು ನೋಡಿ ಆಮೇಲೆ ನಿಮ್ಮ ಮೈಗೆ ತರುತ್ತಾರೆ, ಬಿಸಿ ಸಾಕಾ ಎಂದು ಕೇಳುತ್ತಾರೆ. ಸುಟ್ಟರೆ ಹಲ್ಲು ಕಚ್ಚಿಕೊಂಡು ಮಲಗಬೇಡಿ. ದೊಡ್ಡ ಹೋಟೆಲ್, ಹೇಗೆ ಹೇಳೋದು ಎಂಬ ಸಂಕೋಚದಲ್ಲೇ ಸುಮ್ಮನಿರುವವರು ಜಾಸ್ತಿ. ಮುಗಿದ ಮೇಲೆ ದಡಕ್ಕನೆ ಏಳಬಾರದು, ಬಿಪಿ ಇಳಿದು ತಲೆ ತಿರುಗುತ್ತೆ. ಮಗ್ಗುಲಾಗಿ, ಒಂದು ನಿಮಿಷ ಕೂತು, ನೀರು ಕುಡಿದು ಏಳಿ.

ಸುಟ್ಟೇ ಹೋದರೆ 20 ನಿಮಿಷ ಹರಿಯೋ ತಣ್ಣೀರಿನ ಕೆಳಗೆ ಹಿಡಿಯಬೇಕು. ಪೇಸ್ಟು, ಇಂಕು, ಬೆಣ್ಣೆ ಬಳಿಯಬಾರದು, ಬೊಬ್ಬೆ ಒಡೆಯಬಾರದು. ಶುಗರ್ ಇರುವವರಾದರೆ ಗಾಯ ಎಷ್ಟೇ ಸಣ್ಣದಿರಲಿ, ಅವತ್ತೇ ಆಸ್ಪತ್ರೆಗೆ ತೋರಿಸಬೇಕು.

ದುಡ್ಡಿನ ವಿಚಾರ: ಹೋಟೆಲ್ ಸ್ಪಾಗಳಲ್ಲಿ ಒಂದು ಸಲಕ್ಕೆ ಸಾವಿರಗಳ ಲೆಕ್ಕ. ರೇಟಿಗೆ ಜಿಎಸ್‌ಟಿ ಸೇರಿದೆಯಾ ಎಂದು ಮೊದಲೇ ಕೇಳಿ. ಅಷ್ಟು ಖರ್ಚು ಬೇಡ, ನೋವಿಗೆ ಚಿಕಿತ್ಸೆಯೇ ಬೇಕು ಎನ್ನುವವರಿಗೆ ಮೈಸೂರಿನಲ್ಲಿ 1908ರಲ್ಲಿ ಶುರುವಾದ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಿನ ಧನ್ವಂತರಿ ರಸ್ತೆಯಲ್ಲೂ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ. ಅಲ್ಲಿ ಹೋಟೆಲ್‌ನ ಸುವಾಸನೆ, ಸಂಗೀತ ಇರಲ್ಲ. ಆದರೆ ಎಣ್ಣೆ ಮುಟ್ಟೋ ಮುಂಚೆ ವೈದ್ಯರು ನಾಡಿ ಹಿಡಿದು, ಶುಗರ್ ಎಷ್ಟಿದೆ ಎಂದು ಕೇಳುತ್ತಾರೆ. ಹೋಗುವಾಗ ಹಳೇ ಚೀಟಿ, ರಿಪೋರ್ಟು ಜತೆಗಿರಲಿ.