ಮುಟ್ಟದೆ ಬಣ್ಣದ ಮೂಲ ಹಿಡಿಯುವುದು

ಹುಲಜಂತಿಯ ಮಹಾಲಿಂಗರಾಯನ ಜಾತ್ರೆಯಲ್ಲಿ ತೂರುವ ಭಂಡಾರ ಹಳದಿ. ಹಳೆಯ ಚಿತ್ರಗಳಲ್ಲಿ ಬಳಸಿದ ಹರಿದಾಳವೂ ಹಳದಿ, ಗೋಪಿಮಣ್ಣೂ ಹಳದಿ. ಒಂದು ಅರಿಷಿಣದ ಬೇರು, ಇನ್ನೊಂದು ಆರ್ಸೆನಿಕ್ ಇರುವ ವಿಷದ ಖನಿಜ, ಮತ್ತೊಂದು ಬರೀ ಮಣ್ಣು. ನಾಲ್ಕು ನೂರು ವರ್ಷ ಮಾಸಿದ ಮೇಲೆ ಯಾವುದು ಯಾವುದೆಂದು ಬರಿಗಣ್ಣಿಗೆ ಹೇಳಲಾಗದು.

ಮೊದಲೆಲ್ಲ ಇದಕ್ಕಿದ್ದ ರೂಢಿಯ ದಾರಿ: ಚೂರು ಕೆರೆದು ಪ್ರಯೋಗಾಲಯಕ್ಕೆ ಒಯ್ಯುವುದು. ಮದ್ರಾಸ್ ವಸ್ತುಸಂಗ್ರಹಾಲಯದ ರಸಾಯನಜ್ಞ ಎಸ್. ಪರಮಶಿವನ್ 1930ರ ದಶಕದಲ್ಲಿ ತಂಜಾವೂರು, ಅಜಂತಾ ಭಿತ್ತಿಚಿತ್ರಗಳ ಗಾರೆ-ಬಣ್ಣಗಳನ್ನು ಹೀಗೆಯೇ ಪರೀಕ್ಷಿಸಿದರು. ನಮ್ಮ ದೇಶದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಅವರು ಪ್ರಮುಖರು. ಆದರೆ ಕೆರೆದದ್ದು ಮತ್ತೆ ಕೂಡುವುದಿಲ್ಲ. ಸಿಕ್ಕ ಉತ್ತರವೂ ಆ ಒಂದು ಚುಕ್ಕೆಯದಷ್ಟೇ.

ಮುಟ್ಟದೆ ನೋಡುವ ಪ್ರಯತ್ನ ಪರಮಶಿವನ್ನರ ಕೆಲಸಕ್ಕಿಂತಲೂ ಹಳೆಯದು. ಎಕ್ಸ್‌ರೇ ಪತ್ತೆಯಾದ ಮರುವರ್ಷವೇ, 1896ರಲ್ಲಿ, ಜರ್ಮನಿಯಲ್ಲಿ ವರ್ಣಚಿತ್ರವೊಂದರ ಎಕ್ಸ್‌ರೇ ತೆಗೆದಿದ್ದರು. ನೇರಳಾತೀತ ದೀಪ ಬಂದದ್ದು ಆಮೇಲೆ. ಆ ಬೆಳಕಿನಲ್ಲಿ ಅರಿಷಿಣ ಮಿರುಗುತ್ತದೆ, ಗೋಪಿಮಣ್ಣು ಕಪ್ಪಗೆ ಉಳಿಯುತ್ತದೆ. 1960ರ ದಶಕದಲ್ಲಿ ಡಚ್ ಸಂಶೋಧಕ ವಾನ್ ಆಸ್ಪೆರೆನ್ ಡಿ ಬೋರ್ ಅವಕೆಂಪು ಕಿರಣದಿಂದ ಬಣ್ಣದಡಿಯ ಇದ್ದಿಲ ರೇಖೆಗಳನ್ನು ಹೊರತಂದರು.

ನೀಲಿಗಳ ವಿಷಯದಲ್ಲಿ ಅವಕೆಂಪು ಬಲು ಚುರುಕು. ಅದರ ನೆರವಿನಿಂದ ತೆಗೆದ ಹುಸಿಬಣ್ಣದ ಫೋಟೋದಲ್ಲಿ ನೀಲಿಗಿಡದ ಬಣ್ಣವೂ ರಾಜಾವರ್ತ ಕಲ್ಲಿನ ಬಣ್ಣವೂ ಕೆಂಪಾಗಿ ಮೂಡುತ್ತವೆ; ಪ್ರಷ್ಯನ್ ನೀಲಿ ಕಪ್ಪಾಗಿಯೇ ಇರುತ್ತದೆ. ಈ ಪ್ರಷ್ಯನ್ ನೀಲಿ ಬರ್ಲಿನ್‌ನಲ್ಲಿ ತಯಾರಾದದ್ದು 18ನೇ ಶತಮಾನದ ಆರಂಭದಲ್ಲಿ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲಶಾಹನ ಕಾಲದ್ದೆನ್ನುವ ಚಿತ್ರದಲ್ಲಿ ಅದು ಕಂಡರೆ, ಆ ಭಾಗ ಆಮೇಲೆ ಯಾರೋ ತಿದ್ದಿದ್ದು. ಇಲ್ಲವೇ ಇಡೀ ಚಿತ್ರವೇ ಖೋಟಾ.

2008ರಲ್ಲಿ ವಾನ್ ಗೋನ ಹುಲ್ಲುಗಾವಲಿನ ಚಿತ್ರವೊಂದನ್ನು ಹ್ಯಾಂಬರ್ಗ್‌ನಲ್ಲಿ ಎಕ್ಸ್‌ರೇ ಪ್ರತಿದೀಪ್ತಿಯಿಂದ (ಎಕ್ಸ್‌ರೇ ಬಿದ್ದಾಗ ಧಾತುಗಳು ಮರಳಿ ಸೂಸುವ ಕಿರಣದಿಂದ) ಚುಕ್ಕೆಚುಕ್ಕೆಯಾಗಿ ಓದಿದರು. ಪಾದರಸ, ಆಂಟಿಮನಿ ಎಲ್ಲೆಲ್ಲಿವೆ ಎಂಬ ನಕಾಶೆ ಬಿಡಿಸಿದಾಗ ಹುಲ್ಲಿನಡಿ ಹೆಂಗಸೊಬ್ಬಳ ಮುಖ ಎದ್ದಿತು. ಪಾದರಸ ಸಿಕ್ಕರೆ ಇಂಗಳೀಕ, ಸೀಸ ಸಿಕ್ಕರೆ ಸಿಂಧೂರ ಅಥವಾ ಸಫೇದ, ಕಬ್ಬಿಣ ಸಿಕ್ಕರೆ ಕೆಮ್ಮಣ್ಣು ಎಂಬುದು ಇದರ ಸರಳ ಲೆಕ್ಕ. ಭಾರತೀಯ ಚಿತ್ರಕಾರರು ಹರಿದಾಳಕ್ಕೆ ನೀಲಿಗಿಡದ ಬಣ್ಣ ಬೆರೆಸಿ ಎಲೆಹಸಿರು ಮಾಡುತ್ತಿದ್ದರು. ಬಿಸಿಲಿಗೆ ಹಳದಿ ಹಾರಿ ಎಲೆ ನೀಲಿಯಾಗಿದ್ದರೂ ಅಲ್ಲಿ ಆರ್ಸೆನಿಕ್ ಸಿಕ್ಕೀತು. ಆದರೆ ಬರೀ ನೀಲಿಗಿಡದ ಬಣ್ಣ, ಅರಿಷಿಣ, ಅರಗಿನಂಥ ಜೈವಿಕ ಬಣ್ಣಗಳ ಮುಂದೆ ಈ ಯಂತ್ರ ಕುರುಡು. ಹಾಗಾಗಿ ಒಂದೇ ಉಪಕರಣ ಹಿಡಿದು ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ. ಚಿತ್ರದ ಪ್ರತಿ ಚುಕ್ಕೆಯಿಂದ ಮರಳುವ ಬೆಳಕನ್ನು ನೂರಾರು ಪಟ್ಟಿಗಳಾಗಿ ಸೀಳುವ ಇಂದಿನ ಕ್ಯಾಮೆರಾಗಳಿಗೂ ಅಣುಗಳ ಗುರುತು ಹಿಡಿಯುವ ರಾಮನ್ ಪರಿಣಾಮದ ಉಪಕರಣದ ಸಾಕ್ಷಿ ಬೇಕಾಗುತ್ತದೆ. ಅದಕ್ಕೆ ಆಧಾರವಾದ ಶೋಧ ನಮ್ಮ ಸಿ.ವಿ. ರಾಮನ್ನರದು, 1928ರದು.

ಹುಲಜಂತಿಯ ಸೀಮೆಗೆ ಹತ್ತಿರದ, ಇಂಥ ಹಳೆಯ ಚಿತ್ರಗಳ ಕಣಜವೆಂದರೆ ವಿಜಯಪುರದ ಬಳಿಯ ಕುಮಟಗಿ. ಅಲ್ಲಿನ ಜಲಮಂಟಪದ ಗೋಡೆಯ ಮೇಲೆ ಆದಿಲಶಾಹಿ ಕಾಲದ ಚೌಗಾನ್ (ಪೋಲೊ) ಆಟಗಾರರೂ ಕುಸ್ತಿಯಾಳುಗಳೂ ಇದ್ದಾರೆ, ಬಹಳಷ್ಟು ಅಳಿಸಿಹೋಗಿದ್ದಾರೆ. ಉಳಿದದ್ದನ್ನು ಮುಟ್ಟದೆಯೇ ಓದಬೇಕು; ಮುಟ್ಟಿ ಕೆಡಿಸಿದ್ದಕ್ಕೆ ಅಜಂತಾವೇ ಸಾಕ್ಷಿ: ಕಾಪಾಡಲೆಂದು 1920ರ ದಶಕದಲ್ಲಿ ಬಳಿದ ಅರಗಿನ ಲೇಪ ಹಳದಿಗಟ್ಟಿ ಮೂಲ ಬಣ್ಣವನ್ನೇ ಮುಚ್ಚಿತು.

ನಿಮ್ಮೂರಿನ ಗುಡಿ, ವಾಡೆ, ಮಠದ ಗೋಡೆಯಲ್ಲಿ ಹಳೆಯ ಚಿತ್ರವಿದ್ದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಸುಣ್ಣ, ಆಯಿಲ್ ಪೇಂಟ್ ಬಳಿಯಬೇಡಿ, ನೀರು ಹಾಕಿ ಒರೆಸಬೇಡಿ. ಫ್ಲ್ಯಾಶ್ ಇಲ್ಲದೆ ಒಂದು ಫೋಟೋ ತೆಗೆದಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ.